ಲ್ಯಾಪ್‌ಟಾಪ್ ಆಮೇಲೆ, ಮೊದಲು ಟೈಮಿಂಗ್ ಲೈಟ್

ಪ್ರಶ್ನೆ: ಸರ್, ನಾನು ಸಕಲೇಶಪುರದ ಕಡೆಯವನು, ಮೆಕ್ಯಾನಿಕಲ್ ಡಿಪ್ಲೊಮಾ ಆಗಿದೆ. ನನ್ನ ಹತ್ತಿರ ಹಳೇ ಮಾರುತಿ ಎಸ್ಟೀಮ್ ಇದೆ, 1298 ಸಿಸಿ, 16 ವಾಲ್ವ್ ಎಂಪಿಎಫ್‌ಐ ಎಂಜಿನ್. ಆಟೋಕ್ರಾಸ್ ಕಾರ್ ಸ್ಪರ್ಧೆಗೆಂದೇ ವಾಲ್ವ್ ತೆರೆಯುವ ಕ್ಯಾಮ್ ಗ್ರೈಂಡ್ ಮಾಡಿಸಿ, ಹೆಡ್ ಪೋರ್ಟ್ ಮಾಡಿಸಿ (ಗಾಳಿಯ ದಾರಿ ಸರಾಗ ಮಾಡಿಸಿ), ಎಕ್ಸಾಸ್ಟಿಗೆ ಹೆಡರ್ ಪೈಪು ಹಾಕಿಸಿದ್ದೇನೆ. ಕಂಪನಿಯ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ತೆಗೆದು ಅದರ ಜಾಗಕ್ಕೆ ನಾವೇ ತಿದ್ದಬಹುದಾದ ಸ್ಪೀಡುಯಿನೊ ಬೋರ್ಡ್, ಎಂಜಿನ್ ಸುತ್ತು ಎಣಿಸಲು 36-1 ಹಲ್ಲಿನ ಚಕ್ರ (36ರಲ್ಲಿ ಒಂದು ಹಲ್ಲು ಬಿಟ್ಟದ್ದು), ಎಕ್ಸಾಸ್ಟಿಗೆ ವೈಡ್‌ಬ್ಯಾಂಡ್ ಸೆನ್ಸರ್ ಕೂರಿಸಿದೆ. ಸ್ಟಾರ್ಟ್ ಆಗುತ್ತೆ, ಆದರೆ ಐಡಲ್‌ನಲ್ಲಿ ಹೆಡ್‌ಲೈಟ್ ಹಾಕಿದರೆ ಆಫ್ ಆಗುತ್ತೆ. 3500 ಆರ್‌ಪಿಎಂ ಹತ್ತಿರ ಮಿಸ್ ಹೊಡೆಯುತ್ತೆ. ಅಲ್ಲಿ ವೈಡ್‌ಬ್ಯಾಂಡ್ ಲೀನ್ (ಗಾಳಿಗೆ ಪೆಟ್ರೋಲ್ ಸಾಲದು) ತೋರಿಸುತ್ತೆ ಅಂತ ಪೆಟ್ರೋಲ್ ಜಾಸ್ತಿ ಮಾಡಿದೆ, ಮಿಸ್ಸಿಂಗ್ ಇನ್ನೂ ಜಾಸ್ತಿ ಆಯಿತು. ಗೆಳೆಯನೊಬ್ಬ ಇದೇ ಎಂಜಿನ್ನಿಗೆ ಮಾಡಿದ ಮ್ಯಾಪ್ ಕೊಡ್ತೀನಿ ಅಂತಾನೆ. ಹಾಕಬಹುದಾ? ಎಂಜಿನ್ನಿನ ಶಕ್ತಿ ಅಳೆಯುವ ಡೈನೋ ಯಂತ್ರ ಬೇಕೇ ಬೇಕಾ? ಕಲಿಯೋಕೆ ಎಷ್ಟು ದಿನ ಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಬಹಳ ಇಷ್ಟವಾದ ಮಾತು ‘ಹೆಡ್‌ಲೈಟ್ ಹಾಕಿದರೆ ಆಫ್ ಆಗುತ್ತೆ’ ಅನ್ನುವುದು. ಹೆಚ್ಚಿನವರು ‘ಐಡಲ್ ಸರಿ ಇಲ್ಲ’ ಎಂದಷ್ಟೇ ಬರೆಯುತ್ತಾರೆ. ನೀವು ಯಾವಾಗ, ಏನು ಮಾಡಿದಾಗ ಎಂದು ಗಮನಿಸಿದ್ದೀರಿ. ಇನ್ನೊಂದು ಸಮಾಧಾನದ ವಿಷಯ: ನೀವು ಹೇಳಿದ ಎರಡು ತೊಂದರೆಗಳಲ್ಲಿ ಒಂದೂ ನಿಮ್ಮ ಪೆಟ್ರೋಲ್ ಟೇಬಲ್ಲಿನ ಅಂಕಿಗಳದ್ದು ಅಂತ ನನಗೆ ಅನ್ನಿಸುತ್ತಿಲ್ಲ. ಹೊಸಬರು ಲ್ಯಾಪ್‌ಟಾಪಿನಲ್ಲಿ ತಿದ್ದಲು ಕೂರುವ ದೋಷಗಳಲ್ಲಿ ಮುಕ್ಕಾಲು ಪಾಲು ವೈರು, ಪ್ಲಗ್ಗು, ಗ್ಯಾಸ್ಕೆಟ್ಟಿನವೇ ಇರುತ್ತವೆ. ಟೇಬಲ್ ತಿದ್ದಿ ಅವನ್ನು ಮುಚ್ಚಬಹುದು, ವಾಸಿ ಮಾಡಲಾಗದು.

ಪದದ ಗೊಂದಲವೊಂದನ್ನು ಮೊದಲೇ ಬಿಡಿಸಿಬಿಡೋಣ. ನಮ್ಮಲ್ಲಿ ಮ್ಯಾನಿಫೋಲ್ಡಿನ ಒತ್ತಡ ಅಳೆಯುವುದಕ್ಕೂ ಮ್ಯಾಪ್ ಎನ್ನುತ್ತಾರೆ, ಇಸಿಯು ಒಳಗಿನ ಅಂಕಿಗಳ ಕೋಷ್ಟಕಕ್ಕೂ ಮ್ಯಾಪ್ ಎನ್ನುತ್ತಾರೆ. ಇಲ್ಲಿ ಮೊದಲನೆಯದು ಮ್ಯಾಪ್ ಸೆನ್ಸರ್, ಎರಡನೆಯದು ಟೇಬಲ್.

ನಿಮ್ಮ ಬೋರ್ಡು ಮಾಡುವ ಕೆಲಸ ಸರಳ. ಒಂದು ಸಿಲಿಂಡರಿನೊಳಗೆ ಈಗ ಎಷ್ಟು ಗಾಳಿ ಹೋಯಿತು ಎಂದು ಲೆಕ್ಕ ಹಾಕಿ, ಅದಕ್ಕೆ ತಕ್ಕ ಪೆಟ್ರೋಲ್ ಬೀಳುವಷ್ಟು ಹೊತ್ತು ಇಂಜೆಕ್ಟರ್ ತೆರೆದಿಡುವುದು. ಗಾಳಿಯನ್ನು ಅದು ನೇರವಾಗಿ ಅಳೆಯುವುದಿಲ್ಲ. ಮ್ಯಾನಿಫೋಲ್ಡಿನ ಒತ್ತಡ, ಗಾಳಿಯ ಉಷ್ಣತೆ, ಆರ್‌ಪಿಎಂ ನೋಡಿ ಅಂದಾಜು ಮಾಡುತ್ತದೆ. 1967ರಲ್ಲಿ ಬಾಷ್ ಕಂಪನಿ ಡಿ-ಜೆಟ್ರಾನಿಕ್ ಎಂದು ತಂದಿತಲ್ಲ, ಅದೂ ಮಾಡಿದ್ದು ಇದನ್ನೇ. ‘ಡಿ’ ಅಂದರೆ ಜರ್ಮನ್ ಭಾಷೆಯ ‘ಡ್ರುಕ್’, ಒತ್ತಡ. ಅವತ್ತು ಟ್ರಾನ್ಸಿಸ್ಟರುಗಳ ಪೆಟ್ಟಿಗೆ ಮಾಡುತ್ತಿದ್ದುದನ್ನು ಇವತ್ತು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ ಆರ್ಡುಯಿನೊ ಮೆಗಾ ಮಾಡುತ್ತಿದೆ, ಅಷ್ಟೇ.

ಲೆಕ್ಕವನ್ನು ಒಮ್ಮೆ ಕೈಯಲ್ಲೇ ಮಾಡಿ ನೋಡಿ, ಹೆದರಿಕೆ ಹೋಗುತ್ತದೆ. ನಿಮ್ಮ ಒಂದು ಸಿಲಿಂಡರ್ ಸುಮಾರು 325 ಸಿಸಿ. ಅದು ಪೂರ್ತಿ ತುಂಬಿದರೆ ಒಳಗೆ ಹೋಗುವ ಗಾಳಿ ಸುಮಾರು 0.38 ಗ್ರಾಂ. ಬರಿಯ ಪೆಟ್ರೋಲಿಗೆ ಗಾಳಿಯ ಪ್ರಮಾಣ 14.7ಕ್ಕೆ 1. ಹಾಗಾದರೆ ಬೇಕಾದ ಪೆಟ್ರೋಲ್ 0.026 ಗ್ರಾಂ, ಅಂದರೆ 0.035 ಸಿಸಿ. ನಿಮ್ಮ ಇಂಜೆಕ್ಟರ್ ನಿಮಿಷಕ್ಕೆ 200 ಸಿಸಿ ಬಿಡುತ್ತದೆ ಎಂದಿಟ್ಟುಕೊಳ್ಳಿ, ಅಷ್ಟು ಪೆಟ್ರೋಲ್ ಬೀಳಲು ಸುಮಾರು 10.4 ಮಿಲಿಸೆಕೆಂಡ್ ಬೇಕು. ಸಾಫ್ಟ್‌ವೇರಿನಲ್ಲಿ ‘ರಿಕ್ವೈರ್ಡ್ ಫ್ಯೂಯಲ್’ ಎಂದು ಕೇಳುವುದು ಈ ಅಂಕಿಯನ್ನೇ. ಸಿಲಿಂಡರ್ ನಿಜವಾಗಿ ಶೇಕಡಾ ಎಷ್ಟು ತುಂಬುತ್ತದೆ ಎನ್ನುವುದು ವಿಇ ಟೇಬಲ್. ಕ್ಯಾಮ್, ಪೋರ್ಟ್, ಹೆಡರ್ ಬದಲಾದಾಗ ಬದಲಾಗುವುದು ಆ ಟೇಬಲ್ ಮಾತ್ರ. ಬೋರ್ ಬದಲಾಗದಿದ್ದರೆ, ಇಂಜೆಕ್ಟರ್ ಬದಲಾಗದಿದ್ದರೆ, 10.4 ಅನ್ನು ಮುಟ್ಟುವ ಹಾಗಿಲ್ಲ.

ಇಲ್ಲೇ ನಿಮ್ಮ ಹೆಡ್‌ಲೈಟಿನ ಕಥೆ ಬರುವುದು. ಐಡಲ್‌ನಲ್ಲಿ ಮ್ಯಾನಿಫೋಲ್ಡ್ ಒತ್ತಡ 35 ಕಿಲೋಪಾಸ್ಕಲ್, ವಿಇ 45 ಎಂದುಕೊಂಡರೆ ಪೆಟ್ರೋಲ್ ಬೀಳಬೇಕಾದ ಹೊತ್ತು ಬರೀ 1.6 ಮಿಲಿಸೆಕೆಂಡ್. ಆದರೆ ಇಂಜೆಕ್ಟರಿಗೆ ಕರೆಂಟ್ ಕೊಟ್ಟ ತಕ್ಷಣ ಅದು ಬಾಯಿ ತೆರೆಯುವುದಿಲ್ಲ. ಸೂಜಿ ಏಳಲು ಸುಮಾರು 1 ಮಿಲಿಸೆಕೆಂಡ್ ಬೇಕು, ಅದನ್ನು ಡೆಡ್ ಟೈಮ್ ಎನ್ನುತ್ತೇವೆ. ಬ್ಯಾಟರಿ ವೋಲ್ಟೇಜ್ ಇಳಿದಷ್ಟೂ ಈ ಸೋಮಾರಿತನ ಹೆಚ್ಚುತ್ತದೆ. ಹೆಡ್‌ಲೈಟ್ ಹಾಕಿದಿರಿ, ಜೊತೆಗೆ ರೇಡಿಯೇಟರ್ ಫ್ಯಾನ್ ಬಂತು, 14 ವೋಲ್ಟ್ ಇದ್ದದ್ದು 12.5ಕ್ಕೆ ಬಿತ್ತು. ಡೆಡ್ ಟೈಮ್ 1.0ರಿಂದ 1.2 ಆಯಿತು. ಬೋರ್ಡಿಗೆ ಇದು ಗೊತ್ತಿಲ್ಲ, ಅದು ಹಳೆಯ 2.6 ಮಿಲಿಸೆಕೆಂಡನ್ನೇ ಕೊಡುತ್ತಿದೆ. 1.6 ಬೀಳಬೇಕಾದ ಕಡೆ 1.4 ಬಿತ್ತು, ಹೆಚ್ಚುಕಡಿಮೆ ಶೇ 12 ಲೀನ್. ಕ್ಯಾಮ್ ಗ್ರೈಂಡ್ ಮಾಡಿಸಿದ ಎಂಜಿನ್ ಐಡಲ್‌ನಲ್ಲಿ ಮೊದಲೇ ತಕರಾರಿನದು, ಇಷ್ಟು ಸಾಕು ನಿಂತುಬಿಡಲು.

ಹಾಗಾಗಿ ವಿಇ ಟೇಬಲ್ ಮುಟ್ಟಬೇಡಿ. ಇಂಜೆಕ್ಟರ್ ವೋಲ್ಟೇಜ್ ತಿದ್ದುಪಡಿಯ ಪುಟ ತೆರೆದು, ಅಲ್ಲಿ ಎಲ್ಲ ವೋಲ್ಟೇಜಿಗೂ ಶೇ 100 ಎಂದೇ ಇದೆಯೇ ನೋಡಿ. ಇದ್ದರೆ ಕಳ್ಳ ಸಿಕ್ಕ. ಎಂಜಿನ್ ಬಿಸಿಯಾದ ಮೇಲೆ ಐಡಲ್‌ನಲ್ಲಿ ಬಿಟ್ಟು, ಲೈಟು, ಬ್ಲೋಯರ್, ಹಿಂದಿನ ಗಾಜಿನ ಹೀಟರ್ ಇದ್ದರೆ ಅದನ್ನೂ ಒಂದೊಂದಾಗಿ ಹಾಕುತ್ತಾ ವೈಡ್‌ಬ್ಯಾಂಡ್ ಅಲುಗಾಡದ ಹಾಗೆ ಆ ಸಾಲನ್ನು ತಿದ್ದಿ. ಆದರೆ ಅದಕ್ಕೂ ಮುಂಚೆ ಮಲ್ಟಿಮೀಟರ್ ಹಿಡಿದು ಬ್ಯಾಟರಿಯಲ್ಲಿ ಎಷ್ಟಿದೆ, ಬೋರ್ಡಿನ ಪಿನ್ನಿನಲ್ಲಿ ಎಷ್ಟಿದೆ ನೋಡಿ. ಎರಡರ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಅದು ವೈರಿಂಗ್ ಕೆಲಸ, ನಿಮ್ಮ ಗ್ರೌಂಡ್ ಸರಿ ಕೂತಿಲ್ಲ. ಇಂಜೆಕ್ಟರ್, ಕಾಯಿಲ್‌ಗಳ ಗ್ರೌಂಡ್ ಎಂಜಿನ್ ಬ್ಲಾಕಿಗೇ ಹೋಗಬೇಕು. ಸೆನ್ಸರುಗಳ ಗ್ರೌಂಡ್ ಬೋರ್ಡಿನ ಸೆನ್ಸರ್ ಗ್ರೌಂಡ್ ಪಿನ್ನಿಗೇ ಬರಬೇಕು. ಎರಡನ್ನೂ ಬಾಡಿಯ ಒಂದೇ ಬೋಲ್ಟಿಗೆ ಸುತ್ತಿದ್ದರೆ ಬಿಚ್ಚಿ.

ಇನ್ನು 3500ರ ಮಿಸ್ಸಿಂಗ್. ಪೆಟ್ರೋಲ್ ಹೆಚ್ಚಿಸಿದಷ್ಟೂ ಕೆಟ್ಟಿತು ಅಂದಿರಲ್ಲ, ಅಲ್ಲೇ ಉತ್ತರ ಇದೆ. ವೈಡ್‌ಬ್ಯಾಂಡ್ ಪೆಟ್ರೋಲನ್ನು ನೋಡುವುದಿಲ್ಲ, ಸೈಲೆನ್ಸರ್ ಕಡೆಗೆ ಬಂದ ಆಮ್ಲಜನಕವನ್ನು ನೋಡುತ್ತದೆ. ಒಂದು ಸಿಲಿಂಡರಿನಲ್ಲಿ ಕಿಡಿಯೇ ಹತ್ತಲಿಲ್ಲ ಅಂದರೆ ಅದರ ಪೆಟ್ರೋಲೂ ಗಾಳಿಯೂ ಸುಡದೆ ಹಾಗೇ ಹೊರಗೆ ಬರುತ್ತವೆ. ಆ ಗಾಳಿಯ ಆಮ್ಲಜನಕ ಕಂಡು ಸೆನ್ಸರ್ ‘ಲೀನ್’ ಎನ್ನುತ್ತದೆ. ನೀವು ಪೆಟ್ರೋಲ್ ಸುರಿಯುತ್ತೀರಿ, ಪ್ಲಗ್ ಒದ್ದೆಯಾಗುತ್ತದೆ, ಇನ್ನೂ ಮಿಸ್, ಇನ್ನೂ ‘ಲೀನ್’.

ಈ ಹೊಂಡಕ್ಕೆ ನಾನೂ ಬಿದ್ದವನೇ. ನನ್ನ ಮೊದಲ ಗಾಡಿಯಲ್ಲಿ ವೈಡ್‌ಬ್ಯಾಂಡ್ ಐಡಲ್‌ನಲ್ಲಿ 16ರ ಮೇಲೇ ನಿಂತಿರುತ್ತಿತ್ತು. ಎರಡು ಸಂಜೆ ಕೂತು ಐಡಲ್ ಸುತ್ತಲಿನ ಖಾನೆಗಳಿಗೆಲ್ಲ ಪೆಟ್ರೋಲ್ ತುಂಬಿದೆ. ಮೂರನೇ ದಿನ ಆಯಿಲ್ ಕಡ್ಡಿ ಎಳೆದರೆ ಆಯಿಲ್‌ಗೆ ಪೆಟ್ರೋಲ್ ವಾಸನೆ, ಪ್ಲಗ್ಗುಗಳು ಮಸಿ ಮೆತ್ತಿದ ಹಾಗೆ ಕಪ್ಪು. ಪಕ್ಕದ ಗ್ಯಾರೇಜಿನ ಮೇಸ್ತ್ರಿ ಬಂದು ಕಂಪ್ಯೂಟರ್ ಕಡೆ ಕಣ್ಣೂ ಹಾಯಿಸಲಿಲ್ಲ. ಎಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿಸಿ, ಹೆಡರ್ ಮತ್ತು ಹೆಡ್ ಸೇರುವ ಕಡೆ ಅಂಗೈ ಹತ್ತಿರ ಹಿಡಿದು, ‘ಇಲ್ಲಿ ಉಸಿರಾಡ್ತಿದೆ ನೋಡು’ ಎಂದ. ಗ್ಯಾಸ್ಕೆಟ್ ಒಡೆದಿತ್ತು. ಎಕ್ಸಾಸ್ಟಿನಲ್ಲಿ ಒತ್ತಡ ಏರಿಳಿಯುವಾಗ ಆ ಸಂದಿಯಿಂದ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತಿತ್ತು, ಸೆನ್ಸರ್ ಅದನ್ನೇ ಓದುತ್ತಿತ್ತು. ಗ್ಯಾಸ್ಕೆಟ್ ಹಾಕಿ ಆಯಿಲ್ ಬದಲಾಯಿಸಿದೆ, ಎರಡು ಸಂಜೆಯ ಕೆಲಸವನ್ನೆಲ್ಲ ಅಳಿಸಿ ಹಳೆಯ ಫೈಲ್ ಹಾಕಿದೆ. ಅವತ್ತಿನಿಂದ ಸೆನ್ಸರ್ ಹೇಳಿದ್ದನ್ನು ಪ್ಲಗ್ಗೂ ಒಪ್ಪಿದರೆ ಮಾತ್ರ ನಂಬುತ್ತೇನೆ.

ನಿಮ್ಮದು ಐಡಲ್‌ನಲ್ಲಿ ಅಲ್ಲ, 3500ರಲ್ಲಿ. ಹಾಗಾಗಿ ಕಿಡಿ ಅಥವಾ ಹಲ್ಲಿನ ಚಕ್ರದ ಮೇಲೆ ನನ್ನ ಅನುಮಾನ. ಮೊದಲು ಲಾಗ್ (ಓಡುವಾಗ ಸಾಫ್ಟ್‌ವೇರ್ ಬರೆದಿಟ್ಟ ದಾಖಲೆ) ತೆಗೆದು ಆರ್‌ಪಿಎಂ ಗೆರೆ ನೋಡಿ. ಮಿಸ್ ಹೊಡೆಯುವಾಗ ಗೆರೆ ನುಣ್ಣಗೇ ಇದ್ದರೆ ಕಾಯಿಲ್, ಪ್ಲಗ್ ಗ್ಯಾಪ್, ಡ್ವೆಲ್ (ಕಿಡಿಗೆ ಮುಂಚೆ ಕಾಯಿಲ್‌ಗೆ ಕರೆಂಟ್ ತುಂಬುವ ಹೊತ್ತು) ಪರೀಕ್ಷಿಸಿ. ಗೆರೆ ಗರಗಸದ ಹಲ್ಲಿನ ಹಾಗೆ ಒಮ್ಮೆಲೇ ಮೇಲಕ್ಕೋ ಸೊನ್ನೆಗೋ ಹಾರಿದ್ದರೆ, ಸಿಂಕ್ ಲಾಸ್ ಎಣಿಕೆ ಏರುತ್ತಿದ್ದರೆ, ಬೋರ್ಡಿಗೆ ಹಲ್ಲು ಎಣಿಸಲು ಆಗುತ್ತಿಲ್ಲ ಎಂದರ್ಥ. ನಿಮ್ಮದು ಎರಡು ವೈರಿನ ಸೆನ್ಸರ್ ಆಗಿದ್ದರೆ ಆ ಎರಡು ವೈರು ಅದಲು ಬದಲಾಗಿರಬಹುದು. ಹಾಗಾದಾಗಲೂ ಎಂಜಿನ್ ಸ್ಟಾರ್ಟ್ ಆಗುತ್ತದೆ, ಅದೇ ಮೋಸ. ಮೇಲಿನ ಆರ್‌ಪಿಎಂಗೆ ಹೋದಾಗ ಟೈಮಿಂಗ್, ಅಂದರೆ ಕಿಡಿ ಬೀಳುವ ಗಳಿಗೆ, ಅಲೆದಾಡುತ್ತದೆ. ಇಲ್ಲವಾದರೆ ಸೆನ್ಸರ್ ವೈರು ಪ್ಲಗ್ ವೈರಿನ ಪಕ್ಕದಲ್ಲೇ ಹೋಗಿರುತ್ತದೆ. ಶೀಲ್ಡ್ ಇರುವ ವೈರು ಹಾಕಿ, ಶೀಲ್ಡನ್ನು ಬೋರ್ಡಿನ ಕಡೆ ಮಾತ್ರ ಗ್ರೌಂಡ್ ಮಾಡಿ, ರೆಸಿಸ್ಟರ್ ಇರುವ ಪ್ಲಗ್ಗುಗಳನ್ನೇ ಬಳಸಿ.

ಇಷ್ಟಾದ ಮೇಲೆ ಟೈಮಿಂಗ್ ಲೈಟ್, ಅಂದರೆ ಕಿಡಿ ಬಿದ್ದಾಗಲೆಲ್ಲ ಮಿಂಚಿ ಪುಲ್ಲಿಯ ಗುರುತು ತೋರಿಸುವ ದೀಪ. ಇದಿಲ್ಲದೆ ಮುಂದಕ್ಕೆ ಒಂದು ಹೆಜ್ಜೆಯೂ ಬೇಡ. ಪ್ಲಗ್ ಬಿಚ್ಚಿ ಒಂದನೇ ಸಿಲಿಂಡರಿನ ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಪುಲ್ಲಿಯ ಗುರುತು ಸೊನ್ನೆಗೇ ಕೂರುತ್ತದೆಯೇ ನೋಡಿ. ಹಳೆಯ ಗಾಡಿಗಳ ಪುಲ್ಲಿಯ ನಡುವೆ ರಬ್ಬರ್ ಬಳೆ ಇದ್ದರೆ ಹೊರಗಿನ ಬಳೆ ಜಾರಿರುವುದುಂಟು. ಆಮೇಲೆ ಸಾಫ್ಟ್‌ವೇರಿನಲ್ಲಿ ಟೈಮಿಂಗನ್ನು 10 ಡಿಗ್ರಿಗೆ ಕಟ್ಟಿಹಾಕಿ, ಪುಲ್ಲಿಯ ಮೇಲೆ ಬಿಳಿ ಬಣ್ಣದ ಚುಕ್ಕೆ ಇಟ್ಟು ಲೈಟ್ ಹಿಡಿಯಿರಿ. 10 ಕಾಣಬೇಕು. 18 ಕಂಡರೆ ಟ್ರಿಗರ್ ಕೋನ (ಚಕ್ರದ ಬಿಟ್ಟ ಹಲ್ಲಿಗೂ ಪಿಸ್ಟನ್ ಮೇಲೆ ಬರುವುದಕ್ಕೂ ಇರುವ ಅಂತರ) ತಿದ್ದಿ. ಇದನ್ನು ಮಾಡದೆ ಓಡಿಸುವವರ ಟೇಬಲ್ಲಿನಲ್ಲಿ 28 ಎಂದಿರುತ್ತದೆ, ಎಂಜಿನ್ನಿನಲ್ಲಿ 36 ಆಗಿರುತ್ತದೆ, ಪಿಸ್ಟನ್ ತೂತಾದ ಮೇಲೆ ಪೆಟ್ರೋಲ್ ಬಂಕನ್ನು ಬೈಯುತ್ತಾರೆ. ಆಮೇಲೆ ಮೆಲ್ಲಗೆ 4000ದವರೆಗೆ ರೇಸ್ ಮಾಡಿ. ಗುರುತು ಒಂದೇ ಕಡೆ ನಿಲ್ಲಬೇಕು, ಜಾರಿದರೆ ಮತ್ತೆ ಸೆನ್ಸರ್ ವೈರಿನ ಕಡೆ ಹೋಗಿ. ಒಂದು ಗುಟ್ಟು: ಒಂದು ಕಾಯಿಲ್ ಎರಡು ಸಿಲಿಂಡರಿಗೆ ಒಟ್ಟಿಗೆ ಕಿಡಿ ಕೊಡುವ ವ್ಯವಸ್ಥೆಯಲ್ಲಿ, ಗುಂಡಿ ತಿರುಗಿಸಿ ಡಿಗ್ರಿ ನೋಡುವ ದುಬಾರಿ ಲೈಟುಗಳು ಎರಡರಷ್ಟು ತೋರಿಸಿ ದಾರಿ ತಪ್ಪಿಸುತ್ತವೆ. ಗುಂಡಿ ಇಲ್ಲದ ಸಾದಾ ಲೈಟೇ ಒಳ್ಳೆಯದು.

ಸೆನ್ಸರುಗಳ ಪರೀಕ್ಷೆ ಅಡುಗೆಮನೆಯಲ್ಲೇ ಆಗುತ್ತದೆ, ಮನೆಯವರು ಪಾತ್ರೆ ಕೊಟ್ಟರೆ. ಕೂಲೆಂಟ್ ಸೆನ್ಸರನ್ನು ಐಸ್ ನೀರಿನಲ್ಲಿ ಅದ್ದಿ ರೆಸಿಸ್ಟೆನ್ಸ್ ಬರೆದುಕೊಳ್ಳಿ, ರೂಮಿನ ಬಿಸಿಗೆ ಒಮ್ಮೆ, ಕುದಿಯುವ ನೀರಿನಲ್ಲಿ ಒಮ್ಮೆ. ಮೂರು ಅಂಕಿ ಕೊಟ್ಟರೆ ಸಾಫ್ಟ್‌ವೇರ್ ಮಿಕ್ಕಿದ್ದನ್ನು ತಾನೇ ಎಳೆದುಕೊಳ್ಳುತ್ತದೆ. ನಿಮ್ಮ ಎತ್ತರದಲ್ಲಿ ನೀರು ಕುದಿಯುವುದು 100ಕ್ಕಲ್ಲ, 97 ಡಿಗ್ರಿ ಆಸುಪಾಸಿಗೆ, ಅದನ್ನೇ ಬರೆಯಿರಿ. ಮ್ಯಾಪ್ ಸೆನ್ಸರಿಗೆ ಇನ್ನೂ ಸುಲಭ: ಎಂಜಿನ್ ಆಫ್ ಇದ್ದಾಗ, ಕೀ ಮಾತ್ರ ಆನ್ ಇದ್ದಾಗ ಅದು ಹೊರಗಿನ ಗಾಳಿಯ ಒತ್ತಡ ತೋರಿಸಬೇಕು. ಸಕಲೇಶಪುರದಲ್ಲಿ ಸುಮಾರು 90 ಕಿಲೋಪಾಸ್ಕಲ್. 101 ತೋರಿಸಿತೋ, ಕ್ಯಾಲಿಬ್ರೇಷನ್ ತಪ್ಪು. ಇಂಜೆಕ್ಟರುಗಳನ್ನು ಕ್ಲೀನ್ ಮಾಡುವ ಅಂಗಡಿಗೆ ಒಯ್ಯಿರಿ. ಅಲ್ಲಿ ಮೆಷಿನ್ನಿನ ನಾಲ್ಕು ಗಾಜಿನ ಕೊಳವೆಗಳಲ್ಲಿ ನಾಲ್ಕೂ ಒಂದೇ ಮಟ್ಟಕ್ಕೆ ತುಂಬುತ್ತವೆಯೇ ಎಂದು ಕಣ್ಣಾರೆ ನೋಡಬಹುದು, ನಿಮಿಷಕ್ಕೆ ಎಷ್ಟು ಸಿಸಿ ಎಂದೂ ಬರೆಸಿಕೊಳ್ಳಬಹುದು. ಮನೆಯಲ್ಲಿ ಬಾಟಲಿಗೆ ಪೆಟ್ರೋಲ್ ಬಿಟ್ಟು ಅಳೆಯುವ ಸಾಹಸ ಬೇಡ. ಅಂಗಡಿಯವರು ಯಾವ ಒತ್ತಡದಲ್ಲಿ ಅಳೆದರು ಎಂದು ಮರೆಯದೆ ಕೇಳಿ. 3 ಬಾರ್‌ನಲ್ಲಿ ಬಿಡುವುದಕ್ಕಿಂತ 4 ಬಾರ್‌ನಲ್ಲಿ ಅದೇ ಇಂಜೆಕ್ಟರ್ ಶೇ 15ರಷ್ಟು ಹೆಚ್ಚು ಬಿಡುತ್ತದೆ.

ವೈಡ್‌ಬ್ಯಾಂಡ್ ಗೇಜನ್ನು 14.7, 12.5 ಎಂಬ ಅಂಕಿಗಳಲ್ಲಿ ನೋಡುವುದನ್ನು ಬಿಟ್ಟು ಲ್ಯಾಂಬ್ಡಾಗೆ ಬದಲಾಯಿಸಿ. ಕಾರಣ ನಮ್ಮ ಬಂಕಿನ ಪೆಟ್ರೋಲ್. ಈಗ ಸಿಗುವುದರಲ್ಲಿ ಶೇ 20 ಎಥನಾಲ್ ಇದೆ. ಎಥನಾಲ್‌ಗೆ ಗಾಳಿಯ ಪ್ರಮಾಣ 9ಕ್ಕೆ 1, ಹಾಗಾಗಿ ಇ20ಗೆ ಸರಿಯಾದ ಅಂಕಿ 14.7 ಅಲ್ಲ, ಸುಮಾರು 13.5. ಲ್ಯಾಂಬ್ಡಾದಲ್ಲಿ ಯಾವ ಪೆಟ್ರೋಲಾದರೂ ಸರಿಯಾದ ಹದ 1.0, ಅದಕ್ಕಿಂತ ಕಡಿಮೆ ಅಂದರೆ ಪೆಟ್ರೋಲ್ ಹೆಚ್ಚು, ಮೇಲೆ ಅಂದರೆ ಲೀನ್. ಹೊರದೇಶದವರು ಬರಿಯ ಪೆಟ್ರೋಲಿಗೆ ಮಾಡಿದ ಟೇಬಲ್ಲನ್ನು ಇಲ್ಲಿ ಹಾಕಿದರೆ ಶೇ 8ರಷ್ಟು ಲೀನ್ ಆಗುವುದು ಇದೇ ಕಾರಣಕ್ಕೆ. ಹಳೆಯ ಗಾಡಿಯಲ್ವಾ, ಪೆಟ್ರೋಲ್ ಪೈಪುಗಳನ್ನೂ ಒಮ್ಮೆ ಬಗ್ಗಿಸಿ ನೋಡಿ. ಬಿರುಕು ಕಂಡರೆ ಎಥನಾಲ್ ತಡೆಯುವ ಪೈಪು ಹಾಕಿಬಿಡಿ.

ಈಗ ವಿಇ ಟೇಬಲ್. ಒಂದು ಕಡೆ ಆರ್‌ಪಿಎಂ, ಇನ್ನೊಂದು ಕಡೆ ಮ್ಯಾನಿಫೋಲ್ಡ್ ಒತ್ತಡ. 16ಕ್ಕೆ 16, ಒಟ್ಟು 256 ಖಾನೆ. ನೋಡಿ ಗಾಬರಿಯಾಗಬೇಡಿ, ಎಂಜಿನ್ ನಿಜವಾಗಿ ಓಡಾಡುವುದು ಅದರಲ್ಲಿ ಅರ್ಧಕ್ಕಿಂತ ಕಡಿಮೆ ಖಾನೆಗಳಲ್ಲಿ. ಗಾಡಿ ಬಿಸಿಯಾದ ಮೇಲೆ, ಆಕ್ಸಿಲರೇಟರ್ ಒಂದೇ ಮಟ್ಟದಲ್ಲಿ ಹಿಡಿದು, ಒಂದು ಖಾನೆಯಲ್ಲಿ ಎರಡು ಮೂರು ಸೆಕೆಂಡ್ ನಿಲ್ಲಿಸಿ. ಲಾಗ್‌ನಲ್ಲಿ ಲ್ಯಾಂಬ್ಡಾ 0.95 ಇದೆ, ನಿಮಗೆ ಬೇಕಾದ್ದು 0.88, ಖಾನೆಯಲ್ಲಿ 60 ಇದೆ ಅನ್ನೋಣ. 60 ಅನ್ನು 0.95ರಿಂದ ಗುಣಿಸಿ 0.88ರಿಂದ ಭಾಗಿಸಿ, 65 ಹಾಕಿ. ಇಷ್ಟೇ ಮಂತ್ರ. ಆಕ್ಸಿಲರೇಟರ್ ಒತ್ತಿದ ಕ್ಷಣದ, ಬಿಟ್ಟ ಕ್ಷಣದ ಅಂಕಿಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಸೆನ್ಸರ್ ಈಗ ಹೇಳುತ್ತಿರುವುದು ಆಗಲೇ ಆಗಿಹೋದ ಸುದ್ದಿ. ಐಡಲ್, ಸಾಧಾರಣ ಓಟಕ್ಕೆ ಲ್ಯಾಂಬ್ಡಾ 1.0ರ ಸುತ್ತ. ಕ್ಯಾಮ್‌ನಿಂದಾಗಿ ಐಡಲ್ ಒಪ್ಪದಿದ್ದರೆ 0.95. ಪೂರ್ತಿ ಆಕ್ಸಿಲರೇಟರಿಗೆ 0.86ರಿಂದ 0.88. ಟರ್ಬೊ ಇಲ್ಲದ ಎಂಜಿನ್ನಿಗೆ ಇಷ್ಟು ಸಾಕು.

ಈ ಬೋರ್ಡಿಗೆ ಬಳಸುವ ಟ್ಯೂನರ್‌ಸ್ಟುಡಿಯೊ ಸಾಫ್ಟ್‌ವೇರಿನ ದುಡ್ಡು ಕೊಟ್ಟ ಆವೃತ್ತಿಯಲ್ಲಿ ಇದನ್ನು ತಾನೇ ಮಾಡುವ ಸೌಲಭ್ಯವಿದೆ. ಬಳಸಿ, ತಪ್ಪಿಲ್ಲ. ಆದರೆ ಮೊದಲ ಇಪ್ಪತ್ತು ಖಾನೆಗಳನ್ನು ಕೈಯಲ್ಲೇ ತಿದ್ದಿ. ಆಗ ಆಟೋ ಟ್ಯೂನ್ ಒಂದು ಖಾನೆಗೆ 48, ಪಕ್ಕದ್ದಕ್ಕೆ 71 ಎಂದು ಬರೆದಾಗ ‘ಇದು ಸಾಧ್ಯವಿಲ್ಲವಲ್ಲ’ ಎಂದು ನಿಮಗೇ ಹೊಳೆಯುತ್ತದೆ. ಗಾಳಿ ತುಂಬುವುದು ಮಲೆನಾಡಿನ ಗುಡ್ಡದ ಹಾಗೆ ನಯವಾಗಿ ಏರಿ ಇಳಿಯುತ್ತದೆ. ನಡುವೆ ವಿದ್ಯುತ್ ಕಂಬ ನೆಟ್ಟ ಹಾಗೆ ಕಂಡರೆ ಅದು ಲೀಕ್, ಮಿಸ್ ಅಥವಾ ತಪ್ಪು ಲಾಗ್.

ನಿಮ್ಮ ಊರಿಗೇ ಸೇರಿದ ಒಂದು ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಇದನ್ನು ಅಮೆರಿಕದವರ ವಿಡಿಯೊ ನೋಡಿ ಕಲಿತವರು ಮರೆಯುತ್ತಾರೆ. ಮನೆಯ ಹತ್ತಿರ ನೀವು ಎಷ್ಟೇ ಆಕ್ಸಿಲರೇಟರ್ ಒತ್ತಿದರೂ ಮ್ಯಾನಿಫೋಲ್ಡ್ ಒತ್ತಡ 90 ದಾಟುವುದಿಲ್ಲ, ಹೊರಗಿರುವುದೇ ಅಷ್ಟು. ಅಂದರೆ ನಿಮ್ಮ ಟೇಬಲ್ಲಿನ 100ರ ಸಾಲನ್ನು ಎಂಜಿನ್ ಯಾವತ್ತೂ ಮುಟ್ಟಿಲ್ಲ. ಒಂದು ದಿನ ಸ್ಪರ್ಧೆಗೆಂದು ಶಿರಾಡಿ ಇಳಿದು ಮಂಗಳೂರಿಗೆ ಹೋಗುತ್ತೀರಿ. ಅಲ್ಲಿ ಗಾಳಿಯ ಒತ್ತಡ 101. ಮೊದಲ ಲ್ಯಾಪಿನಲ್ಲೇ ಎಂಜಿನ್ ತಾನು ಕಂಡೇ ಇಲ್ಲದ ಸಾಲಿಗೆ ಹೋಗಿ ನಿಲ್ಲುತ್ತದೆ. ವಿಇ ಬಹಳ ಬದಲಾಗುವುದಿಲ್ಲ, ಪೆಟ್ರೋಲ್ ಹೇಗೋ ಹೊಂದಿಕೊಳ್ಳಬಹುದು. ಅಪಾಯ ಇರುವುದು ಟೈಮಿಂಗ್‌ನಲ್ಲಿ. ಗಾಳಿ ಹೆಚ್ಚು ತುಂಬಿದೆ, ಕರಾವಳಿಯ ಸೆಕೆ ಬೇರೆ, ನಾಕಿಂಗ್‌ಗೆ (ಸಿಲಿಂಡರಿನಲ್ಲಿ ಪೆಟ್ರೋಲ್ ತಾನಾಗಿ ಸಿಡಿದು ಪಿಸ್ಟನ್ನಿಗೆ ಹೊಡೆಯುವುದಕ್ಕೆ) ಹೇಳಿ ಮಾಡಿಸಿದ ವಾತಾವರಣ. ಆದ್ದರಿಂದ 100ರ ಸಾಲಿನ ವಿಇಯನ್ನು 90ರ ಸಾಲಿಗಿಂತ ಒಂದೆರಡು ಅಂಕ ಮೇಲಿಡಿ, ಟೈಮಿಂಗ್ ಎರಡು ಡಿಗ್ರಿ ಕಡಿಮೆ ಇಡಿ. ಕೆಳಗೆ ಹೋದ ಮೇಲೆ ಮೊದಲ ಪ್ರಾಕ್ಟೀಸ್ ಓಟದ ಲಾಗ್ ನೋಡದೆ ಪೂರ್ತಿ ಒತ್ತಬೇಡಿ.

ಟೈಮಿಂಗ್ ಟೇಬಲ್ಲನ್ನು ಪೆಟ್ರೋಲ್ ಪೂರ್ತಿ ಸರಿಯಾಗುವವರೆಗೆ ಮುಟ್ಟಬೇಡಿ. ಪೆಟ್ರೋಲಿಗೆ ವೈಡ್‌ಬ್ಯಾಂಡ್ ಎಂಬ ಕಣ್ಣಿದೆ, ಟೈಮಿಂಗ್‌ಗೆ ಅಂಥ ಕಣ್ಣಿಲ್ಲ. ಕಿಡಿಯನ್ನು ಮುಂದಕ್ಕೆ ತಂದಷ್ಟೂ ಎಳೆತ ಹೆಚ್ಚುತ್ತದೆ, ಒಂದು ಹಂತದ ಮೇಲೆ ಹೆಚ್ಚುವುದಿಲ್ಲ. ಆ ಹಂತದಲ್ಲಿ 28ಕ್ಕೂ 30ಕ್ಕೂ ಡೈನೋದಲ್ಲೇ ವ್ಯತ್ಯಾಸ ಕಾಣುವುದು ಕಷ್ಟ, ಆದರೆ ಪಿಸ್ಟನ್ನಿಗೆ ಕಾಣುತ್ತದೆ. ಡೈನೋ ಬೇಕಾಗುವುದು ಇದಕ್ಕೇ. ಪೆಟ್ರೋಲ್ ಟೇಬಲ್ಲಿನ ಬಹುಪಾಲು ಕೆಲಸ ಡೈನೋ ಇಲ್ಲದೆ ಆಗುತ್ತದೆ. ಟೈಮಿಂಗ್‌ಗೆ ಮಾತ್ರ ಅರ್ಧ ದಿನದ ಡೈನೋ ಬಾಡಿಗೆ ಕೊಡಿ, ಲೋಡ್ ಹಿಡಿದು ನಿಲ್ಲಿಸುವಂಥ ಡೈನೋ ಇದ್ದರೆ ಇನ್ನೂ ಒಳ್ಳೆಯದು. ಅಲ್ಲಿಯವರೆಗೆ ಎರಡು ಮೂರು ಡಿಗ್ರಿ ಕಡಿಮೆಯಲ್ಲೇ ಓಡಿಸಿ.

ನಾಕಿಂಗ್ ಕೇಳಿಸಿಕೊಳ್ಳಲು ಒಂದು ಅಗ್ಗದ ಸಾಧನ ಹೇಳುತ್ತೇನೆ. ಹಿಂದೆ ಮೇಸ್ತ್ರಿಗಳು ಉದ್ದನೆಯ ಸ್ಕ್ರೂಡ್ರೈವರ್ ಹಿಡಿಯನ್ನು ಕಿವಿಗೆ ಆನಿಸಿ ಎಂಜಿನ್ ಒಳಗಿನ ಸದ್ದು ಕೇಳುತ್ತಿದ್ದರಲ್ಲ, ಅದರ ತಮ್ಮ ಇದು. ಒಂದು ಗೇಣು ತಾಮ್ರದ ಪೈಪಿನ ತುದಿಯನ್ನು ಸುತ್ತಿಗೆಯಲ್ಲಿ ಚಪ್ಪಟೆ ಮಾಡಿ, ತೂತು ಕೊರೆದು, ಬ್ಲಾಕಿನ ಮೇಲಿನ ಯಾವುದಾದರೂ ಖಾಲಿ ಬೋಲ್ಟಿಗೆ ಬಿಗಿಯಿರಿ. ಇನ್ನೊಂದು ತುದಿಗೆ ರಬ್ಬರ್ ಪೈಪ್ ಸಿಕ್ಕಿಸಿ ಕಾರಿನೊಳಗೆ ತಂದು, ಫ್ಯಾಕ್ಟರಿಯವರು ಹಾಕುವ ಸದ್ದು ತಡೆಯುವ ಇಯರ್ ಮಫ್‌ಗೆ ಸೇರಿಸಿ. ಪಕ್ಕದಲ್ಲಿ ಕೂತ ಗೆಳೆಯ ಅದನ್ನು ಹಾಕಿಕೊಳ್ಳಲಿ. ವಾಲ್ವ್ ಸದ್ದು ಹೊಲಿಗೆ ಮೆಷಿನ್ನಿನ ಹಾಗೆ ಒಂದೇ ಸಮ ಇರುತ್ತದೆ. ನಾಕಿಂಗ್ ಅಂದರೆ ತಗಡಿನ ಮೇಲೆ ಜಲ್ಲಿಕಲ್ಲು ಎಸೆದ ಹಾಗೆ, ಚುರುಕಾಗಿ, ತಾಳ ತಪ್ಪಿ. ಒಮ್ಮೆ ಕೇಳಿದ ಮೇಲೆ ಮರೆಯುವುದಿಲ್ಲ. ಕೇಳಿಸಿದ ಕ್ಷಣ ಆಕ್ಸಿಲರೇಟರ್ ಬಿಡಿ, ಆ ಜಾಗದಲ್ಲಿ ಮೂರು ಡಿಗ್ರಿ ತೆಗೆಯಿರಿ.

ಗೆಳೆಯನ ಮ್ಯಾಪ್ ಬಗ್ಗೆ: ಹಾಕಬೇಡಿ. ಫೈಲ್ ಅಂದರೆ ಬರೀ ವಿಇ ಟೇಬಲ್ ಅಲ್ಲ. ಅವರ ಟ್ರಿಗರ್ ಕೋನ, ಅವರ ಇಂಜೆಕ್ಟರ್, ಅವರ ಸೆನ್ಸರುಗಳ ಕ್ಯಾಲಿಬ್ರೇಷನ್, ಕಾಯಿಲ್‌ಗೆ ಸಿಗ್ನಲ್ ಯಾವ ಕಡೆ ಹೋಗಬೇಕು ಎನ್ನುವುದು ಎಲ್ಲವೂ ಅದರ ಜೊತೆ ಬರುತ್ತದೆ. ಆ ಕೊನೆಯದು ಉಲ್ಟಾ ಇದ್ದರೆ ಕೀ ಆನ್ ಮಾಡಿದ ಕೂಡಲೇ ಕಾಯಿಲ್‌ಗೆ ನಿರಂತರ ಕರೆಂಟ್ ಹೋಗಿ, ನೀವು ಟೀ ಕುಡಿದು ಬರುವಷ್ಟರಲ್ಲಿ ಕಾಯಿಲ್ ಸುಟ್ಟಿರುತ್ತದೆ. ಅವರ ವಿಇ ಟೇಬಲ್ಲಿನ ಆಕಾರ ಎಲ್ಲಿ ಉಬ್ಬಿದೆ, ಎಲ್ಲಿ ಇಳಿದಿದೆ ಎಂದು ಪಕ್ಕದಲ್ಲಿಟ್ಟು ನೋಡಿ ಬೇಕಾದರೆ. ಅದೂ ಅವರ ಕ್ಯಾಮ್ ಬೇರೆಯಾಗಿದ್ದರೆ ಉಪಯೋಗಕ್ಕಿಲ್ಲ.

ಎಲ್ಲಿ ಓಡಿಸುವುದು ಎನ್ನುವುದನ್ನು ನೀವು ಕೇಳಿಲ್ಲ, ನಾನೇ ಹೇಳಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮೂಲ ರಚನೆ ಬದಲಾಯಿಸುವುದನ್ನು ತಡೆಯುತ್ತದೆ. 2019ರ ತಿದ್ದುಪಡಿಯ ನಂತರ ಮಾಲೀಕರಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಇದು ಆಟೋಕ್ರಾಸ್ ಗಾಡಿ ಎಂದು ಹೇಳಿದ್ದೀರಿ, ಹಾಗೇ ಇಡಿ. ಟ್ರೈಲರ್ ಮೇಲೆ ಹೋಗಲಿ. ಎಸ್ಟೇಟಿನೊಳಗಿನ ಖಾಸಗಿ ರಸ್ತೆ, ಪ್ರಾಕ್ಟೀಸ್ ಟ್ರ್ಯಾಕ್ ಸಿಕ್ಕರೆ ಲಾಗ್ ಅಲ್ಲಿ ತೆಗೆಯಿರಿ. ಓಡಿಸುವವರು ಓಡಿಸಲಿ, ಲ್ಯಾಪ್‌ಟಾಪ್ ಹಿಡಿದವರು ಪಕ್ಕದಲ್ಲಿ ಕೂರಲಿ, ತಿದ್ದುವುದು ಗಾಡಿ ನಿಲ್ಲಿಸಿದ ಮೇಲೆ. ಬೆಂಕಿ ನಂದಿಸುವ ಸಿಲಿಂಡರ್ ಸೀಟಿನ ಕೆಳಗಲ್ಲ, ಕೈಗೆ ಸಿಗುವ ಕಡೆ ಇರಲಿ. ನೀವು ಹೆಸರು ಕೊಡುವ ಕ್ಲಾಸಿನಲ್ಲಿ ಇಸಿಯು ಬದಲಾಯಿಸಲು ಅವಕಾಶ ಇದೆಯೇ ಎಂದು ನಮ್ಮ ದೇಶದ ಮೋಟಾರ್ ಕ್ರೀಡಾ ಒಕ್ಕೂಟ ಎಫ್‌ಎಂಎಸ್‌ಸಿಐನ ನಿಯಮಪುಸ್ತಕವನ್ನು ಈಗಲೇ ಓದಿ. ಕೆಲವು ಕ್ಲಾಸುಗಳಲ್ಲಿ ಕಂಪನಿಯ ಇಸಿಯು ಅಲ್ಲದೆ ಬೇರೆ ಇದ್ದರೆ ಸ್ಕ್ರೂಟಿನಿಯಲ್ಲೇ ವಾಪಸ್ ಕಳಿಸುತ್ತಾರೆ.

ಪ್ರತಿ ಬದಲಾವಣೆಗೂ ಫೈಲನ್ನು ಹೊಸ ಹೆಸರಲ್ಲಿ, ತಾರೀಖು ಸಮೇತ ಉಳಿಸಿ. ಏನು ಬದಲಾಯಿಸಿದೆ, ಏಕೆ ಎಂದು ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ.

ಎಷ್ಟು ದಿನ ಬೇಕು? ವೈರಿಂಗ್, ಟೈಮಿಂಗ್ ಲೈಟ್, ಸೆನ್ಸರ್ ಕೆಲಸಕ್ಕೆ ನಾಲ್ಕು ಭಾನುವಾರ. ವಿಇ ಟೇಬಲ್ ಓಡಿಸುವ ಮಟ್ಟಕ್ಕೆ ಬರಲು ಇನ್ನೊಂದು ತಿಂಗಳು. ಆಕ್ಸಿಲರೇಟರ್ ಒತ್ತಿದಾಗಿನ ತೊದಲು ತೆಗೆಯುವುದು ವಿಇ ಮುಗಿದ ಮೇಲೆ, ಎರಡು ಸಂಜೆ ಸಾಕು. ಎಲ್ಲಕ್ಕಿಂತ ಹೆಚ್ಚು ದಿನ ಹಿಡಿಯುವುದು ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳದ ಕೋಲ್ಡ್ ಸ್ಟಾರ್ಟ್. ತಣ್ಣಗಿನ ಎಂಜಿನ್ ನಿಮಗೆ ಸಿಗುವುದು ದಿನಕ್ಕೆ ಒಂದೇ ಸಲ, ಬೆಳಿಗ್ಗೆ. ಒಂದು ಅಂಕಿ ಬದಲಾಯಿಸಿ ನೋಡಿದರೆ ಮುಂದಿನ ಪರೀಕ್ಷೆ ನಾಳೆಗೆ. ನಿಮ್ಮ ಕಡೆ ಧನುರ್ಮಾಸದ ಚಳಿಯಲ್ಲಿ ಬೆಳಿಗ್ಗೆ ಆರಕ್ಕೆ ಎದ್ದು, ಕಾಫಿಗೂ ಮುಂಚೆ ಕೀ ತಿರುಗಿಸಿ, ಎಷ್ಟು ಸುತ್ತು ತಿರುಗಿದ ಮೇಲೆ ಎಂಜಿನ್ ಹತ್ತಿತು ಎಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋಗಿ. ಅಷ್ಟರೊಳಗೆ 3500ರ ಮಿಸ್ಸಿಂಗ್ ಬಿಡದಿದ್ದರೆ ಟೇಬಲ್ ಕಳಿಸಬೇಡಿ, ಚಕ್ರದ ಹಲ್ಲುಗಳ ದಾಖಲೆಯಾದ ಟೂತ್ ಲಾಗ್ ಕಳಿಸಿ, ಜೊತೆಗೆ ನಾಲ್ಕು ಪ್ಲಗ್ಗುಗಳನ್ನು ಸಾಲಾಗಿ ಇಟ್ಟು ತೆಗೆದ ಒಂದು ಫೋಟೊ.